ಉಸುಕಿನ ಮೇಲಿನ ಪರಸಿ

ನಾನು ಮಾಡಿದ ತಪ್ಪಿಗೆ ನಾನೇ ನಮ್ಮ ವೈನಿಯನ್ನು ಕ್ಷಮಿಸಿದೆ. ಮನೆಯವರೆಲ್ಲರ ಎದುರಿಗೆ, ದೊಡ್ಡ ಮನಸ್ಸಿನವಳ ಹಾಗೆ, ಮೆಲುದನಿಯಲ್ಲಿ. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ — ಕೊನೆಗೆಂದು ಉಳಿಸಿಕೊಂಡರೆ, ಅಲ್ಲಿಗೆ ತಲುಪುವಷ್ಟರಲ್ಲಿ ಒಂದೆರಡು ಕಾರಣಗಳನ್ನು ಜೊತೆಗೆ ಕರೆದುಕೊಂಡು ಹೋಗಿರುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು.

ವೈನಿ ಎಂದರೆ ಅಣ್ಣನ ಹೆಂಡತಿ. ಭಾಲ್ಕಿಯ ನಮ್ಮ ಓಣಿಯಲ್ಲಿ ಅತ್ತಿಗೆಯನ್ನು ಹಾಗೆಯೇ ಕರೆಯುತ್ತೇವೆ. ಅವರ ಹೆಸರು ವಂದನಾ, ತವರು ಔರಾದ ತಾಲ್ಲೂಕಿನ ಚಿಂತಾಕಿ. ಆಗ ಅವರು ನಮ್ಮ ಮನೆಗೆ ಬಂದು ವರ್ಷವೂ ತುಂಬಿರಲಿಲ್ಲ. ನಾನು ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಎಲ್ಲಿಯೂ ಕೆಲಸ ಸಿಗದೆ, ಮನೆಗೆ ಮರಳಿದ್ದೆ. ನಮ್ಮ ಮನೆತನದಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಆ ಓದು ಏನಕ್ಕೆ ಬರುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ; ಕೇಳುವುದಿಲ್ಲ ಎನ್ನುವುದೇ ನನಗೆ ಚುಚ್ಚುತ್ತಿತ್ತು.

ಸತ್ತದ್ದು ಒಂದು ಹಲ್ಲಿ. ಹಲ್ಲಿಗಾಗಿ ಇಷ್ಟು ದೊಡ್ಡ ಮಾತೇ ಎಂದು ನಿಮಗೆ ನಗು ಬಂದರೆ ತಪ್ಪಿಲ್ಲ. ನಮ್ಮ ಮನೆಯಲ್ಲೂ ಮೊದಲು ಎಲ್ಲರೂ ನಕ್ಕಿದ್ದರು.

ಅಣ್ಣ ಮಿಲಿಂದ ಬೀದರಿನ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಅವನ ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರು ಊರು ಬಿಟ್ಟು ಹೊರಟಾಗ, ಹೈದರಾಬಾದಿನಿಂದ ತಂದು ಸಾಕಿದ್ದ ಆ ಪ್ರಾಣಿಯನ್ನು ಅಣ್ಣನ ಕೈಗಿಟ್ಟರು. ಹೊರದೇಶದ ತಳಿ, ಮನೆಯಲ್ಲಿ ಸಾಕುವಂಥದ್ದು. ಗೋಡೆ ಹತ್ತುವುದಿಲ್ಲ, ನೆಲದ ಮೇಲೆಯೇ ಓಡಾಡುತ್ತದೆ. ಹಳದಿ ಮೈ, ಮೈತುಂಬ ಕಪ್ಪು ಚುಕ್ಕೆ, ದಪ್ಪ ಬಾಲ. ಮನುಷ್ಯರ ಹಾಗೆ ರೆಪ್ಪೆ ಮುಚ್ಚಿ ತೆರೆಯುವ ಕಣ್ಣು. ಅಣ್ಣ ಅದನ್ನು ತೂತು ಮಾಡಿದ ಬೂಟಿನ ಡಬ್ಬಿಯಲ್ಲಿಟ್ಟು, ರೈಲಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ತಂದ.

"ಮಂದಿ ಹಲ್ಲಿ ಓಡ್ಸಲಾಕ ಕಸಬರಿಗಿ ಹಿಡೀತಾರ," ಎಂದಳು ಅವ್ವ. "ನೀ ಟಿಕೀಟ ತಗೊಂಡು ಮನಿಗಿ ಕರ್ಕೊಂಡ ಬಂದಿ?"

"ಅದಕ್ಕ ಟಿಕೀಟ ಇಲ್ಲವ್ವ, ಅದು ಸಣ್ಣದು," ಎಂದ ಅಣ್ಣ.

ವೈನಿ ಬಾಗಿಲ ಹಿಂದೆ ನಿಂತು ಇಣುಕಿ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ಮಾಗಿದ ಬಾಳೆಹಣ್ಣ ಇದ್ದಂಗ ಅದ ನೋಡ್ರಿ." ಆ ದಿನದಿಂದ ಅದರ ಹೆಸರು ಬಾಳ್ಯಾ ಎಂದಾಯಿತು.

ಅದಕ್ಕೊಂದು ಗಾಜಿನ ಮನೆ ಬೇಕಿತ್ತು. ಸಿದ್ಧವಾಗಿ ಸಿಗುವುದನ್ನು ತರುವುದು ಬೇಡ, ನಾನೇ ಕಟ್ಟುತ್ತೇನೆ ಎಂದೆ. ಅಣ್ಣ ಎಷ್ಟು ಸಂತೋಷಪಟ್ಟನೆಂದರೆ — ಅವನಿಗಿಂತ ನಾನು ಹೆಚ್ಚು ಸಂತೋಷಪಟ್ಟೆ ಎನ್ನುವುದು ನಿಜ. ಓದಿದ್ದು ಎಲ್ಲರ ಕಣ್ಣಿಗೆ ಕಾಣುವಂತೆ ಮೊದಲ ಸಲ ಕೈಗೆ ಬಂದಿತ್ತು.

ಒಂದೊಂದು ಸಾಮಾನನ್ನೂ ನಾನು ಎಷ್ಟು ಯೋಚಿಸಿ ಆರಿಸಿದೆನೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಅಣ್ಣನಿಗೆ ಗುರುತಿದ್ದ ಬಡಿಗ ಪ್ಲೈವುಡ್ಡಿನಲ್ಲಿ ಮಾಡಿಕೊಡುತ್ತೇನೆ ಎಂದ. ಬೇಡವೆಂದೆ: ಪದರಗಳ ನಡುವಿನ ಅಂಟು ಬಲ್ಬಿನ ಬಿಸಿಗೆ ವಾಸನೆ ಬಿಡುತ್ತದೆ. ಕಟ್ಟಿಗೆಗೆ ಬಣ್ಣ, ವಾರ್ನಿಶ್ ಹಚ್ಚುವುದಂತೂ ಬೇಡವೇ ಬೇಡ. ಹಿಂದಿನ ಗೋಡೆಗೆ ಥರ್ಮಾಕೋಲ್ ಕೊರೆದು ಗುಡ್ಡದ ಹಾಗೆ ಮಾಡೋಣ ಎಂದ ಅಣ್ಣ. ಅದೂ ಬೇಡ, ಉಗುರು ತಾಗಿದರೆ ಉದುರುತ್ತದೆ, ಉದುರಿದ್ದನ್ನು ನುಂಗಿದರೆ ಕರುಳು ಕಟ್ಟುತ್ತದೆ. ಬೀದರಿನ ಕೆಂಪು ಮುರಕಲ್ಲಿನ ಎರಡು ತುಂಡನ್ನು ಅವನು ಆಸೆಯಿಂದ ಹೊತ್ತು ತಂದಿದ್ದ. ಮೈಯೆಲ್ಲ ತೂತು, ಒರಟು, ತೊಳೆದರೆ ಬೇಗ ಒಣಗುವುದಿಲ್ಲ — ಅವನ್ನೂ ಅಂಗಳಕ್ಕೆ ಹಾಕಿಸಿದೆ.

ಕೊನೆಗೆ ಬೀದರಿನ ಹಳೆಯ ಊರಿನೊಳಗಿನ ಗಾಜಿನ ಅಂಗಡಿಗೆ ಹೋದೆವು. ಅಂಗಡಿಯ ಸಲೀಂಭಾಯಿ ಅಣ್ಣನಿಗೆ ಪರಿಚಯದವರು. ನಾನು ಅಳತೆ ಹೇಳುತ್ತಿದ್ದಂತೆ ತಲೆ ಎತ್ತಿ ನೋಡಿದರು.

"ಮೀನಿಗೇನ್ರಿ ಅಮ್ಮಾ?"

"ಅಲ್ರಿ, ಹಲ್ಲಿಗಿ."

"ಹಲ್ಲಿಗಿ!" ಅವರು ಗಾಜು ಕೊಯ್ಯುವ ಪೆನ್ನನ್ನು ಕೆಳಗಿಟ್ಟರು. "ನಮ್ಮ ದುಕಾನ್ದಾಗ ಭಾಳ ಅವ ನೋಡ್ರಿ, ಒಂದೂ ಬಾಡಗಿ ಕೊಡಲ್ಲ. ಕಿಲ್ಲಾದಾಗ ಬಾದಶಾಹರದು ರಂಗೀನ್ ಮಹಲ್, ನಿಮ್ಮದು ಹಲ್ಲಿ ಮಹಲ್. ಮಿಲಿಂದಭಾಯ್, ಸಂಸಾರ ಭಾಳ ಬೆಳದದ ನಿಮ್ದು."

ಗಾಜನ್ನು ಹಿಡಿದಿಡುವ ಸಿಲಿಕೋನಿನಲ್ಲೂ ಬೂಷ್ಟು ತಡೆಯುವ ರಸಾಯನ ಬೆರೆಸದ್ದನ್ನೇ ಹುಡುಕಿ ತಂದೆ. ಅಂಟಿಸಿದ ಮೇಲೆ ಅದರ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಪೆಟ್ಟಿಗೆಯನ್ನು ಮಾಳಿಗೆಯ ಮೇಲೆ ಗಾಳಿಗಿಟ್ಟೆ. ದಿನಾ ಮುಂಜಾನೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಬಾಗಿ ಮೂಸಿ ನೋಡಬೇಕು, ವಾಸನೆ ಇದೆಯೋ ಇಲ್ಲವೋ ಹೇಳಬೇಕು. "ನನ್ನ ಮೂಗಿಗಿ ಸಿಮೆಂಟ್ ಬಿಟ್ರ ಬ್ಯಾರೆ ಏನೂ ತಿಳಿಯಲ್ಲವ್ವ," ಎನ್ನುತ್ತಲೇ ಅಪ್ಪನೂ ಬಾಗುತ್ತಿದ್ದ. ಸಣ್ಣ ಜೀವಕ್ಕೆ ವಾಸನೆಯೇ ವಿಷ ಎಂದು ನಾನು ಎಲ್ಲರಿಗೂ ಕಲಿಸಿದ್ದೆ. ಮುಂದೆ ನಾನು ಹೇಳಿದ ಸುಳ್ಳನ್ನು ಎಲ್ಲರೂ ಅಷ್ಟು ಸುಲಭವಾಗಿ ನಂಬಿದ್ದು ಅದಕ್ಕೇ — ಅದಕ್ಕೆ ಬೇಕಾದ ಪಾಠವನ್ನು ನಾನೇ ಮೊದಲು ಮಾಡಿ ಮುಗಿಸಿದ್ದೆ.

ಇನ್ನು ಉಳಿದದ್ದು ಒಳಗಿನ ಗುಹೆ. ಬಾಳ್ಯಾ ಹಗಲು ಮಲಗಲು ಕತ್ತಲು ಬೇಕು, ಮೇಲೆ ಮೈ ಕಾಸಿಕೊಳ್ಳಲು ಬಿಸಿ ಹಿಡಿಯುವ ಕಲ್ಲು ಬೇಕು. ಅಂಗಳದ ಮೂಲೆಯಲ್ಲಿ ಪರಸಿಯ ತುಂಡುಗಳಿದ್ದವು. ಪರಸಿ ಎಂದರೆ ಶಹಾಬಾದಿನ ಕಡೆಯಿಂದ ಬರುವ ಬೂದು ಬಣ್ಣದ ಚಪ್ಪಟೆ ಕಲ್ಲು. ನಮ್ಮ ಕಡೆಯ ಮನೆಗಳ ನೆಲವೆಲ್ಲ ಅದೇ. ನುಣುಪು, ಹೊಟ್ಟೆ ಗೀಚುವುದಿಲ್ಲ. ಬಲ್ಬಿನ ಕೆಳಗಿಟ್ಟರೆ ಸಂಜೆಯ ತನಕ ಬೆಚ್ಚಗಿರುತ್ತದೆ. ವಾಸನೆ ಇಲ್ಲ, ಬಣ್ಣ ಬಿಡುವುದಿಲ್ಲ.

ಅಪ್ಪ ಗೌಂಡಿ, ಗಾರೆ ಕೆಲಸದವನು. ಭಾಲ್ಕಿಯಲ್ಲಿ, ಭಾತಂಬ್ರಾದಲ್ಲಿ, ಮೆಹಕರದ ತನಕ ಎಷ್ಟೋ ಮನೆಗಳ ನೆಲವನ್ನು ಕೂಡಿಸಿದವನು. ಅವನಿಗೆ ಕೈ ನಡುಗುವುದು ಶುರುವಾಗಿ ಕೆಲಸ ಬಿಟ್ಟಿದ್ದ. ಪರಸಿ ಬೇಕು ಎಂದು ನಾನು ಹೇಳಿದಾಗ ಅವನ ಮುಖ ನೋಡಬೇಕಿತ್ತು. ಓದಿದ ಮಗಳ ಕೆಲಸಕ್ಕೆ ತನ್ನ ಕಲ್ಲು.

"ಗಾಜಿನ ಮ್ಯಾಲ ಸೀದಾ ಕಲ್ಲ ಇಡಬ್ಯಾಡ, ಗಾಜ ಸೀಳ್ತದ," ಎಂದ. "ಮೊದಲು ಉಸುಕ ಹಾಸು. ಉಸುಕಿನ ಮ್ಯಾಲ ಪರಸಿ ಕೂಡ್ಸು. ಸಾಯೋತನಕ ಅಲ್ಲಾಡಲ್ಲ."

ಮಾಂಜ್ರಾ ನದಿಯ ಉಸುಕನ್ನು ಸೋಸಿ, ತೊಳೆದು, ಒಣಗಿಸಿ ಹಾಸಿದೆವು. ಅಪ್ಪ ನಡುಗುವ ಕೈಯಿಂದಲೇ ಕಲ್ಲುಗಳನ್ನು ಇಟ್ಟು, ಕಟ್ಟಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ, ಅಂಚಿಗೆ ಉಸುಕು ಒತ್ತಿ, ಮನೆಯ ನೆಲ ಕೂಡಿಸುವ ಹಾಗೆಯೇ ಕೂಡಿಸಿದ. ಎರಡು ಪಕ್ಕ ಎರಡು ಕಲ್ಲು, ಮೇಲೆ ಅಗಲವಾದ ಒಂದು, ಅದರ ಮೇಲೆ ಮತ್ತೊಂದು. ನಾನು ಬೆರಳಿನಿಂದ ಒತ್ತಿ ನೋಡಿದೆ. ಕದಲಲಿಲ್ಲ. ಹಲ್ಲಿ ಮಹಲನ್ನು ಪಡಸಾಲೆಯಲ್ಲಿ, ಬುದ್ಧನ ಫೋಟೋದ ಕೆಳಗಿನ ಮೇಜಿನ ಮೇಲೆ ಇಟ್ಟೆವು. ನೆಂಟರು ಬಂದರೆ ಅಪ್ಪ ಮೊದಲು ಅದನ್ನು ತೋರಿಸುತ್ತಿದ್ದ — "ನಮ್ಮ ಸುಜಾತಾ ಮಾಡ್ಯಾಳ. ಕಲ್ಲು ನಂದು."

ಅದನ್ನು ನಿಜವಾಗಿ ನೋಡಿಕೊಂಡವರು ವೈನಿ. ಚಿಂತಾಕಿಯಲ್ಲಿ ಆಡು, ಕೋಳಿಗಳ ನಡುವೆ ಬೆಳೆದವರು. ಮೊದಮೊದಲು ದೂರ ನಿಲ್ಲುತ್ತಿದ್ದರು. ಆಮೇಲೆ ಮಿಡತೆ, ಜಿರಲೆಮರಿಗಳನ್ನು ಡಬ್ಬಿಯಲ್ಲಿ ಹಿಡಿದು ತರುವವರೂ ಅವರೇ, ನೀರು ಬದಲಿಸುವವರೂ ಅವರೇ ಆದರು. ಸಂಜೆ ಅವರು ಅಂಗೈ ಚಾಚಿದರೆ ಬಾಳ್ಯಾ ಒಂದೊಂದೇ ಕಾಲಿಟ್ಟು ಹತ್ತಿ ಕೂತು ಕಣ್ಣು ಮುಚ್ಚುತ್ತಿತ್ತು. ನನ್ನ ಕೈಗೆ ಅದು ಒಮ್ಮೆಯೂ ಬರಲಿಲ್ಲ. ನಾನು ಅದರ ಬಗ್ಗೆ ಓದಿದ್ದೆ, ಅವರು ಅದನ್ನು ನೋಡುತ್ತಿದ್ದರು.

ನೋಡುತ್ತಿದ್ದುದರಿಂದಲೇ ಒಂದು ಸಂಜೆ ನನ್ನನ್ನು ಕರೆದರು. "ಸುಜಾತಾ, ಇಲ್ಲಿ ಬರ್ರಿ. ಇದು ಕಲ್ಲಿನ ಬುಡಕ ಕೆದರ್ಲತದ ನೋಡ್ರಿ. ದಿನಾ ಇಷ್ಟಿಷ್ಟ ಉಸುಕು ಹೊರಗ ಹಾಕ್ತದ."

ನೋಡಿದೆ. ಪಕ್ಕದ ಕಲ್ಲಿನ ಬುಡದಲ್ಲಿ ಸಣ್ಣ ಗುಂಡಿಯಿತ್ತು. ಮೇಲಿನ ಪರಸಿಯನ್ನು ಒತ್ತಿದೆ. ಗಟ್ಟಿಯಾಗಿಯೇ ಇತ್ತು.

"ಅಪ್ಪ ಕೂಡ್ಸಿದ ಕಲ್ಲ ವೈನಿ," ಎಂದೆ, ಸ್ವಲ್ಪ ನಕ್ಕು. "ಮನೀ ನೆಲ ಹ್ಯಾಂಗ ಕುಂತದೋ ಹಂಗೇ ಕುಂತದ. ಏನೂ ಆಗಲ್ಲ."

ಅವರು ಆ ಗುಂಡಿಯನ್ನೇ ನೋಡುತ್ತ ಹೇಳಿದರು: "ಹೌದ್ರಿ. ಆದ್ರ ಮನೀ ನೆಲದ ಬುಡಕ ಯಾರೂ ಮಲಗಲ್ಲಲ್ರಿ."

ಆ ಮಾತು ಎಷ್ಟು ಸರಳವಾಗಿತ್ತು — ನನ್ನ ಇಡೀ ತಪ್ಪು ಅದರಲ್ಲಿತ್ತು. ನೆಲ ತೋಡುವ ಪ್ರಾಣಿಗೆ ಮನೆ ಕಟ್ಟುವಾಗ ಭಾರದ ಕಲ್ಲನ್ನು ಮೊದಲು ಪೆಟ್ಟಿಗೆಯ ತಳದ ಮೇಲೆಯೇ ನಿಲ್ಲಿಸಬೇಕು, ಗಾಜು ಸೀಳದಂತೆ ಕೆಳಗೆ ತೆಳು ರಬ್ಬರೋ ಕಾರ್ಕೋ ಇಟ್ಟು. ಉಸುಕು ಆಮೇಲೆ, ಸುತ್ತಲೂ. ಅದು ಎಷ್ಟು ತೋಡಿದರೂ ಕಲ್ಲು ಕುಸಿಯಬಾರದು. ನಾವು ಗೌಂಡಿಯ ಮನೆಯವರು ಉಸುಕಿನ ಮೇಲೆ ಪರಸಿ ಕೂಡಿಸಿದೆವು. ಅಪ್ಪನಿಗೆ ನೆಲ ಗೊತ್ತಿತ್ತು, ಹಲ್ಲಿ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು. ವೈನಿ ಹೇಳಿದ ಮೇಲಂತೂ — ಅಂದೇ ಕಲ್ಲು ತೆಗೆದು ನೋಡಬಹುದಿತ್ತು. ತೆಗೆಯಲಿಲ್ಲ. ಅವರು ಬಿ.ಎ. ಮೊದಲನೆಯ ವರ್ಷಕ್ಕೆ ಓದು ನಿಲ್ಲಿಸಿದವರು, ನಾನು ಎಂ.ಎಸ್ಸಿ. ಇದಕ್ಕಿಂತ ಬೇರೆ ಕಾರಣ ಇರಲಿಲ್ಲ.

ಕೆಲವು ದಿನಗಳಾದ ಮೇಲೆ, ಒಂದು ಮುಂಜಾನೆ, ಎಲ್ಲರಿಗಿಂತ ಮೊದಲು ಎದ್ದವಳು ನಾನು. ಮೇಲಿನ ಪರಸಿ ಒಂದು ಪಕ್ಕಕ್ಕೆ ಇಳಿದಿತ್ತು. ಕೆಳಗಿನಿಂದ ಹಳದಿ ಬಾಲದ ತುದಿ ಕಾಣುತ್ತಿತ್ತು. ಕಲ್ಲು ಎತ್ತಿದೆ. ಅದನ್ನು ಇನ್ನು ವರ್ಣಿಸುವುದಿಲ್ಲ.

ಆಗ ನಾನು ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ಬಾಳ್ಯಾನನ್ನು ತೆಗೆದು ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ, ನೀರಿನ ಬಟ್ಟಲ ಹತ್ತಿರ, ಮಲಗಿದ ಹಾಗೆ ಇಟ್ಟೆ. ಗುಂಡಿಗೆ ಉಸುಕು ತುಂಬಿದೆ. ಪಕ್ಕದ ಕಲ್ಲುಗಳನ್ನು ನೆಟ್ಟಗೆ ಮಾಡಿ ಪರಸಿಯನ್ನು ಮೊದಲಿದ್ದಂತೆಯೇ ಇಟ್ಟು ಅಂಗೈಯಿಂದ ತಟ್ಟಿದೆ — ಅಪ್ಪ ತಟ್ಟಿದ ಹಾಗೆಯೇ. ಯಾಕೆ ಹಾಗೆ ಮಾಡಿದೆನೆಂದು ಆ ಹೊತ್ತಿನಲ್ಲಿ ನನ್ನನ್ನೇ ಕೇಳಿಕೊಂಡಿರಲಿಲ್ಲ. ಕೈ ತಾನಾಗಿ ಮಾಡಿತು ಎಂದು ಬಹಳ ದಿನ ಅಂದುಕೊಂಡಿದ್ದೆ. ಕೈ ತಾನಾಗಿ ಏನನ್ನೂ ಮಾಡುವುದಿಲ್ಲ.

ಅಣ್ಣ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದ. ನೋಡಿದ. ಬ್ರಷ್ ತೆಗೆದ. "ಸುಜಿ, ಏನಾತು?"

ಅವ್ವ ಬಂದಳು, ಅಪ್ಪ ಬಂದ. ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತರು, ಕೈತುಂಬ ಜೋಳದ ಹಿಟ್ಟು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಹಿಂದಿನ ದಿನ ಪಡಸಾಲೆಯಲ್ಲಿ ಇರುವೆ ಸಾಲು ಕಟ್ಟಿದ್ದವು. ವೈನಿ ನೀರಿಗೆ ಫಿನೈಲ್ ಹಾಕಿ ನೆಲ ಒರೆಸಿದ್ದರು. ಬಾಗಿಲು, ಕಿಟಕಿ ತೆರೆದಿಟ್ಟೇ ಒರೆಸಿದ್ದರು. ಆ ವಾಸನೆ ಇನ್ನೂ ಮೂಲೆಯಲ್ಲಿ ಒಂದಿಷ್ಟು ಉಳಿದಿತ್ತು.

"ನಿನ್ನೆ ಫಿನೈಲ್ ಒರೆಸಿದ್ರಲ್ಲ," ಎಂದೆ. "ಅದರ ವಾಸನಿಗಿ."

ಇಷ್ಟೇ. ಅರ್ಧ ವಾಕ್ಯ.

ವೈನಿ ತಮ್ಮ ಕೈ ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು. ಅಣ್ಣನನ್ನಲ್ಲ, ಅವ್ವನನ್ನಲ್ಲ. "ನಾನೇ ಏನ್ರಿ?"

ಆಗ ನಾನು ಹೇಳಿದೆ — "ಬಿಡ್ರಿ ವೈನಿ. ನಿಮಗೇನ ಗೊತ್ತಿತ್ತು."

ಅಣ್ಣನ ಕಣ್ಣಲ್ಲಿ ನನ್ನ ಬಗ್ಗೆ ಮೆಚ್ಚುಗೆ ಕಂಡಿತು. ಇಷ್ಟು ಕಷ್ಟಪಟ್ಟು ಕಟ್ಟಿದವಳು, ಒಂದು ಬಿರುಸು ಮಾತೂ ಆಡಲಿಲ್ಲ ಎಂದು. ಯಾರೂ ಹತ್ತಿರದಿಂದ ನೋಡದಿರಲೆಂದು ಬಾಳ್ಯಾನನ್ನು ನಾನೇ ಹಳೆಯ ಅರಿವೆಯಲ್ಲಿ ಸುತ್ತಿ ಅಂಗಳದ ಕರಿಬೇವಿನ ಬುಡದಲ್ಲಿ ಹೂತೆ. ಅದನ್ನೂ ಅವರು ಪ್ರೀತಿ ಎಂದುಕೊಂಡರು.

ಮುಂದೆ ದೊಡ್ಡದೇನೂ ನಡೆಯಲಿಲ್ಲ. ಜಗಳವಿಲ್ಲ, ಯಾರೂ ಯಾರನ್ನೂ ಮನೆಯಿಂದ ಕಳಿಸಲಿಲ್ಲ. ಸಣ್ಣ ಸಣ್ಣ ಮಾತುಗಳಷ್ಟೇ. ಅವ್ವ ಕೆಟ್ಟವಳಲ್ಲ, ಆದರೆ ಬಾಯಿ ತಡೆಯುವವಳೂ ಅಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ, "ನಮ್ಮನ್ನೂ ಬಾಳ್ಯಾನ ಹಾದಿಗಿ ಕಳಸ್ತಿ ಏನವ್ವ?" ಎನ್ನುತ್ತಿದ್ದಳು, ನಗುತ್ತಲೇ. ಓಣಿಯ ಹೆಂಗಸರಿಗೆ ಅದು ಚೇಷ್ಟೆಯ ಮಾತಾಯಿತು. ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಬುದ್ಧನ ಫೋಟೋದ ಎದುರು ಕೂತು ಪಂಚಶೀಲ ಹೇಳುತ್ತೇವೆ. ಜೀವ ತೆಗೆಯುವುದಿಲ್ಲ ಎಂಬ ಮೊದಲನೆಯದಕ್ಕೆ ಬಂದಾಗ ಅವ್ವನ ಕಣ್ಣು ಒಂದು ಕ್ಷಣ ಪಕ್ಕಕ್ಕೆ ಹೊರಳುತ್ತಿತ್ತು, ವೈನಿಯ ದನಿ ಇಳಿಯುತ್ತಿತ್ತು. ಸುಳ್ಳಾಡುವುದಿಲ್ಲ ಎಂಬ ನಾಲ್ಕನೆಯದನ್ನು ನಾನು ಎಲ್ಲರ ಜೊತೆ ಸ್ಪಷ್ಟವಾಗಿ ಹೇಳುತ್ತಿದ್ದೆ. ನನ್ನ ಉಚ್ಚಾರ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ.

ಮಾಳಿಗೆಯ ಮೇಲೆ ಕೋಳಿ ಸಾಕಬೇಕೆಂದು ವೈನಿಗೆ ಆಸೆಯಿತ್ತು. ಚಿಂತಾಕಿಯಿಂದ ಅವರ ಅವ್ವ ಮರಿಗಳನ್ನು ಕೊಟ್ಟು ಕಳಿಸಿದ್ದರು. ವೈನಿ ಅವನ್ನು ಬುಟ್ಟಿಯಿಂದ ಇಳಿಸದೆ, ತಂದವರ ಕೈಯಲ್ಲೇ ಮರಳಿ ಕಳಿಸಿದರು.

ಅನ್ವಿ ಹುಟ್ಟಿದಾಗ — ಅವರ ಮಗಳು, ನನ್ನ ಸೋದರಸೊಸೆ — ಬಾಣಂತನ ಮುಗಿಸಿ ಬಂದ ವೈನಿ ಮಗುವಿಗೆ ತಾವೇ ನೀರು ಎರೆಯುತ್ತಿರಲಿಲ್ಲ. "ಅತ್ತಿ, ನೀವೇ ಎರೀರಿ," ಎಂದು ಅವ್ವನನ್ನೇ ಕರೆಯುತ್ತಿದ್ದರು. ಹೊಸ ತಾಯಿಯ ಅಂಜಿಕೆ ಎಂದುಕೊಂಡೆವು. ನಾನೂ ಹಾಗೆಯೇ ಅಂದುಕೊಳ್ಳಲು ನೋಡಿದೆ. ಒಂದು ಮಧ್ಯಾಹ್ನ ಮಗು ತೊಟ್ಟಿಲಲ್ಲಿ ಅಳುತ್ತಿತ್ತು. ವೈನಿ ಪಾತ್ರೆ ತೊಳೆದು ಬಂದವರು ಮಗುವನ್ನು ಎತ್ತಿಕೊಳ್ಳದೆ ಎರಡೂ ಅಂಗೈಗಳನ್ನು ಮೂಗಿಗೆ ಹಿಡಿದರು. ಆಮೇಲೆ ನನ್ನ ಮುಂದೆ ಚಾಚಿದರು.

"ವಾಸನಿ ಬರ್ತದೇನ್ರಿ? ನೋಡ್ರಿ ಸುಜಾತಾ. ನಿಮಗ ತಿಳೀತದ."

ನಾನು ಬಾಗಿ ಅವರ ಕೈ ಮೂಸಿದೆ. ಬೂದಿ ಮತ್ತು ನೀರಿನ ವಾಸನೆ. "ಇಲ್ಲ ವೈನಿ, ಏನೂ ಇಲ್ಲ," ಎಂದೆ. ಅವರು ಮಗುವನ್ನು ಎತ್ತಿಕೊಂಡರು. ಎಷ್ಟು ಹತ್ತಿರವಿದ್ದೆ ಎಂದರೆ ಅವರ ಅಂಗೈಯ ಗೆರೆಗಳಲ್ಲಿ ಉಳಿದಿದ್ದ ನೀರು ಕಾಣುತ್ತಿತ್ತು. ಹೇಳುವುದಕ್ಕೆ ಅದಕ್ಕಿಂತ ಸರಿಯಾದ ಹೊತ್ತು ಇರಲಿಲ್ಲ. ಹೇಳಲಿಲ್ಲ.

ಅಪ್ಪನಿಗಾಗಿ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವನು ಕೂಡಿಸಿದ ಕಲ್ಲು ಕುಸಿಯಿತೆಂದು ತಿಳಿದರೆ ನೊಂದುಕೊಳ್ಳುತ್ತಾನೆ ಎಂದು. ಆಮೇಲೆ ಅಪ್ಪ ತೀರಿಕೊಂಡ. ನಾನು ಆಗಲೂ ಹೇಳಲಿಲ್ಲ. ಅಲ್ಲಿಗೆ ಆ ಕಾರಣ ಸುಳ್ಳೆಂದು ಗೊತ್ತಾಯಿತು — ಅದೂ ಒಂದು ಸುಳ್ಳು, ಅದನ್ನು ಸತ್ತವನ ಹೆಸರಲ್ಲಿ ಹೇಳಿಕೊಂಡಿದ್ದೆ.

ನಾನೀಗ ಔರಾದಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಭಾಲ್ಕಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸರೀಸೃಪಗಳ ಪಾಠ ಮಾಡುವಾಗ, ಅವುಗಳಿಗೆ ಗಾಜಿನ ಮನೆ ಕಟ್ಟುವುದು ಹೇಗೆ ಎಂದು ಪ್ರತಿ ತಂಡಕ್ಕೂ ಹೇಳುತ್ತೇನೆ. ಪುಸ್ತಕದಲ್ಲಿ ಇಲ್ಲದಿದ್ದರೂ ಹೇಳುತ್ತೇನೆ. ಭಾರದ ಕಲ್ಲು ಮೊದಲು, ತಳದ ಮೇಲೆ; ಉಸುಕು ಆಮೇಲೆ. ಬೋರ್ಡಿನ ಮೇಲೆ ಚಿತ್ರ ಬಿಡಿಸುತ್ತೇನೆ. "ಹೀಗೆ ಮಾಡದೆ ಒಂದು ಜೀವ ಹೋಗಿತ್ತು," ಎನ್ನುತ್ತೇನೆ. ಎಲ್ಲಿ, ಯಾರ ಮನೆಯಲ್ಲಿ ಎಂದು ಹೇಳುವುದಿಲ್ಲ. ಔರಾದಿನ ಹುಡುಗಿಯರಿಗೆ ಗೊತ್ತಿದ್ದ ಸತ್ಯ ನನ್ನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದು ಪ್ರಾಯಶ್ಚಿತ್ತ ಎಂದೂ ಕೆಲವು ಸಲ ಅನಿಸುತ್ತಿತ್ತು. ಎಂಥ ಅಗ್ಗದ ಪ್ರಾಯಶ್ಚಿತ್ತ.

ಈ ಸೋಮವಾರ ಅದೇ ಪಾಠ. ಚಿತ್ರ ಬಿಡಿಸುವ ಮೊದಲು, ಇಂಥ ಮನೆ ಕಟ್ಟುವಾಗ ಏನೇನು ನೋಡಬೇಕು ಎಂದು ತರಗತಿಯನ್ನೇ ಕೇಳಿದೆ. ಈ ವರ್ಷ ಹೊಸದಾಗಿ ಸೇರಿದ ಜೈಶ್ರೀ ಎಂಬ ಹುಡುಗಿ ಎದ್ದು ನಿಂತಳು.

"ವಾಸನಿ ನೋಡಬೇಕ್ರಿ ಮೇಡಂ. ಫಿನೈಲ್ ವಾಸನಿಗಿ ಹಲ್ಲಿ ಸಾಯ್ತಾವ್ರಿ."

"ಯಾರು ಹೇಳಿದ್ರು?"

"ನಮ್ಮೂರು ಚಿಂತಾಕಿರಿ. ಅಲ್ಲಿ ವಂದನಕ್ಕ ಅಂತ ಅದಾಳ, ಭಾಲ್ಕಿಗಿ ಕೊಟ್ಟಾರ್ರಿ. ಆಕಿ ಫಿನೈಲ್ ಒರೆಸಿ ಗಂಡ ಸಾಕಿದ ಹಲ್ಲಿ ಕೊಂದಾಳಂತ್ರಿ."

ಹಿಂದಿನ ಬೆಂಚಿನಲ್ಲಿ ಯಾರೋ, "ಗಂಡ ಉಳದಾನಿಲ್ಲೋ?" ಎಂದಳು. ತರಗತಿ ನಕ್ಕಿತು. ಜೈಶ್ರೀ ನಗಲಿಲ್ಲ.

"ನಗಬ್ಯಾಡ್ರೆ. ಖರೇನೇ ಅದ. ಆಕಿ ನಾದಿನಿ ಎಂ.ಎಸ್ಸಿ. ಓದ್ಯಾಳಂತ, ಆಕಿನೇ ಹೇಳ್ಯಾಳಂತ. ಈಗ ವಂದನಕ್ಕ ತವರಿಗಿ ಬಂದ್ರೂ ಕೋಳಿಗಿ ಒಂದ ಕಾಳ ಹಾಕಲ್ರಿ ಮೇಡಂ. ನನ್ನ ಕೈ ಛಲೋ ಇಲ್ಲ ಅಂತಾಳ. ಆಕಿ ಅವ್ವ ನಮ್ಮವ್ವನ ಮುಂದ ಕುಂತು ಅಳ್ತಾಳ್ರಿ."

ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದೆ. ನಾನು ಹೇಳಿದ ಅರ್ಧ ವಾಕ್ಯ ಭಾಲ್ಕಿಯಿಂದ ಚಿಂತಾಕಿಗೆ ಹೋಗಿ, ಅಲ್ಲಿ ಒಂದು ಮನೆಯಲ್ಲಿ ಇಷ್ಟು ವರ್ಷ ವಾಸವಿದ್ದು, ಈಗ ಸರಿಯಾದ ಉತ್ತರವಾಗಿ ನನ್ನ ತರಗತಿಗೇ ಮರಳಿ ಬಂದಿತ್ತು. ಅದಕ್ಕೆ ಸಾಕ್ಷಿಯಾಗಿ ನನ್ನದೇ ಡಿಗ್ರಿ.

"ಆ ಉತ್ತರ ತಪ್ಪು," ಎಂದೆ. ಹುಡುಗಿಯ ಮುಖ ಸಣ್ಣದಾಯಿತು. "ನಿನ್ನ ತಪ್ಪಲ್ಲ. ಕುಂದ್ರು." ಉಳಿದದ್ದೂ ಅಲ್ಲೇ ಬಾಯಿಗೆ ಬಂತು. ಆದರೆ ವೈನಿಗಿಂತ ಮೊದಲು ಇನ್ನೊಬ್ಬರು ಕೇಳುವುದು — ಇಲ್ಲ, ಅದು ಇನ್ನೊಮ್ಮೆ ಆಗಬಾರದು.

ಸಂಜೆ ಮನೆಗೆ ಬಂದಾಗ ವೈನಿ ರೊಟ್ಟಿ ಬಡಿಯುತ್ತಿದ್ದರು. ಅನ್ವಿ ಹೊರಗೆ ಆಡುತ್ತಿದ್ದಳು. ಬಸ್ಸಿನಲ್ಲಿ ಎಷ್ಟೋ ಪೀಠಿಕೆಗಳನ್ನು ಜೋಡಿಸಿಕೊಂಡಿದ್ದೆ. ಅವರ ಕೈ ನೋಡಿದ ಮೇಲೆ ಯಾವುದೂ ನೆನಪಾಗಲಿಲ್ಲ.

"ವೈನಿ, ಬಾಳ್ಯಾ ಫಿನೈಲಿಗಿ ಸತ್ತಿಲ್ಲ. ಪರಸಿ ಬುಡಕ ಸಿಕ್ಕಿ ಸತ್ತಿತ್ತು. ನೀವು ಹೇಳಿದಂಗೇ ಆಗಿತ್ತು. ನಾ ತಗದು ಹೊರಗ ಇಟ್ಟೆ, ಕಲ್ಲು ಸರಿ ಮಾಡ್ದೆ. ಆಮ್ಯಾಲ ನಿಮ್ಮ ಮ್ಯಾಲ ಹಾಕ್ದೆ."

ಬಡಿಯುತ್ತಿದ್ದ ಕೈ ನಿಂತಿತು. ರೊಟ್ಟಿಯ ಅಂಚು ಹರಿದಿತ್ತು. ಅದನ್ನು ಬೆರಳಿನಿಂದ ಕೂಡಿಸಿ, ಹೆಂಚಿನ ಮೇಲೆ ಹಾಕಿ, ಒಲೆಯ ಉರಿ ಸಣ್ಣದು ಮಾಡಿದರು. ನನ್ನ ಕಡೆ ತಿರುಗಲಿಲ್ಲ. ಕೈಗೆ ಮೆತ್ತಿದ ಹಿಟ್ಟು ಉದುರಿಸುತ್ತ ಕೇಳಿದರು:

"ಅನ್ವಿ ಹುಟ್ಟಿದಾಗ ನನ್ನ ಕೈ ಮೂಸಿ ನೋಡಿದ್ರಲ್ಲ ನೀವು."

"ಹೂಂ ವೈನಿ."

"ಆಗಾದ್ರೂ ಹೇಳಬೇಕಿತ್ರಿ."

ಹೆಂಚಿನ ಮೇಲಿನ ರೊಟ್ಟಿ ಕಪ್ಪಾಗುವ ವಾಸನೆ ಬಂತು. ಅವರು ಅದನ್ನು ತೆಗೆದು ಪಕ್ಕಕ್ಕಿಟ್ಟರು.

"ನಮ್ಮವ್ವಗ ಹೇಳ್ರಿ," ಎಂದರು. "ಚಿಂತಾಕಿಗಿ ಬಂದು, ಆಕಿ ಮುಂದ ಕುಂತು, ನೀವೇ ಹೇಳ್ರಿ. ನಾ ಹೇಳಿದ್ರ ಯಾರೂ ನಂಬಲ್ಲ."

ಅವ್ವ, ಅಣ್ಣ ಊಟಕ್ಕೆ ಕೂತಾಗ ಅವರಿಗೂ ಹೇಳಿದೆ. ಅಣ್ಣ ಅರ್ಧ ಊಟಕ್ಕೇ ಕೈ ತೊಳೆದ. ಆ ಮಾತನ್ನು ಅವನು ಇವತ್ತಿಗೂ ಎತ್ತಿಲ್ಲ. ಅವ್ವ ಮಾತ್ರ ಕೇಳಿದಳು: "ಇಷ್ಟ ವರ್ಷ ಆಕಿನ್ನ ನನ್ನ ಬಾಯಿಗಿ ಯಾಕ ಬಿಟ್ಟಿ ನೀ?" ಕೇಳಿ, ಎದ್ದು ಅಡುಗೆಮನೆಗೆ ಹೋಗಿ ವೈನಿಯ ಪಕ್ಕದಲ್ಲಿ ನಿಂತಳು. ಅವರಿಬ್ಬರೂ ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಹಕ್ಕೂ ನನಗಿರಲಿಲ್ಲ.

ಮೊನ್ನೆ ಅಟ್ಟದ ಮೇಲಿನಿಂದ ಗಾಜಿನ ಪೆಟ್ಟಿಗೆಯನ್ನು ಇಳಿಸಿದೆ. ಒಳಗೆ ಆ ಪರಸಿಗಳು ಹಾಗೇ ಇದ್ದವು, ಧೂಳು ಹಿಡಿದು. ಅಗಲವಾದದ್ದರ ಒಂದು ಅಂಚಿನಲ್ಲಿ ಅಪ್ಪನ ಉಳಿಯ ಗುರುತಿದೆ. ಅದನ್ನು ತೊಳೆದು ಅಂಗಳದಲ್ಲಿಟ್ಟಿದ್ದೇನೆ. ವೈನಿ ಅದರ ಮುಂದೆ ಹಾದು ಹೋಗುತ್ತಾರೆ, ಬರುತ್ತಾರೆ. ನನ್ನ ಜೊತೆ ಮಾತಾಡುತ್ತಾರೆ — ಊಟಕ್ಕೆ ಬರ್ರಿ, ಬಸ್ಸಿಗೆ ಹೊತ್ತಾಯಿತು — ಅಷ್ಟು. ನಾನು ಅಂದು ಅವರಿಗೆ ಹೇಳಿದ ಆ 'ಬಿಡ್ರಿ' ಎಂಬ ಮಾತನ್ನು ಅವರು ನನಗೆ ಹೇಳಿಲ್ಲ. ಹೇಳಲೆಂದು ನಾನು ಕಾಯುತ್ತಲೂ ಇಲ್ಲ.

ಮುಂದಿನ ಸೋಮವಾರ ಜೈಶ್ರೀಗೆ ಮತ್ತು ಇಡೀ ತರಗತಿಗೆ ಆ ಎಂ.ಎಸ್ಸಿ. ನಾದಿನಿ ಯಾರೆಂದು ಹೇಳುತ್ತೇನೆ. ಅದಕ್ಕೂ ಮೊದಲು ನಾಳೆ, ಭಾನುವಾರ, ಪಂಚಶೀಲ ಹೇಳಿ ಮುಗಿದ ಮೇಲೆ, ನಾನೂ ವೈನಿಯೂ ಚಿಂತಾಕಿಯ ಬಸ್ಸು ಹಿಡಿಯುತ್ತೇವೆ. ಅವರ ಅಂಗಳದಲ್ಲಿ ಕೋಳಿಗಳಿರುತ್ತವೆ. ಅವರ ಅವ್ವ ನನ್ನನ್ನು ಕಂಡು ಹಿಗ್ಗುತ್ತಾರೆ, ಓದಿದ ಹುಡುಗಿ ಬಂದಳೆಂದು ಚಾಪೆ ಹಾಸುತ್ತಾರೆ, ಚಹಾ ಮಾಡಲು ಏಳುತ್ತಾರೆ.

ಅವರು ಏಳುವ ಮೊದಲೇ ಹೇಳಬೇಕು. ಆ ಮನೆಯ ಚಹಾ ಕುಡಿದು ಆಮೇಲೆ ಹೇಳುವುದಲ್ಲ.